ಬಿರುಕಿನ ಮೇಲಿನ ಪಾಲಿಶ್

ಊರೂರು ಸುತ್ತಿ ಸಿಕ್ಕಿದ ಕೆಲಸ ಮಾಡಿಕೊಂಡು ಬಂದವನು ನಾನು. ಬೇಡ ಅಂತ ಬಾಯಿಬಿಟ್ಟು ಹೇಳಿದ್ದನ್ನೇ ಜನ ಹಟ ಹಿಡಿದು ಮಾಡಿಸಿಕೊಂಡು ಹೋಗುವುದು ಎಲ್ಲಾ ಊರಲ್ಲೂ ನಡೆದಿದೆ. ಸಕಲೇಶಪುರದ ಹೈವೇ ಪಕ್ಕದ ಶೆಡ್ಡಿನಲ್ಲಿ ಕಾರಿನ ಅಲ್ಯೂಮಿನಿಯಂ ಅಲಾಯ್ ಚಕ್ರಗಳಿಗೆ ಪಾಲಿಶ್ ಹಾಕುತ್ತಿದ್ದಾಗಲಂತೂ ಒಬ್ಬ ಗಿರಾಕಿಯೇ ಸಾಕುಸಾಕು ಮಾಡಿಬಿಟ್ಟರು.

೧. ಕೂದಲೆಳೆ

ಯಸಳೂರು ಕಡೆಯ ಸಣ್ಣ ಕಾಫಿ ಬೆಳೆಗಾರರು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದರು. ಹಳೇ ಬಣ್ಣ ಕೆರೆದು ಉಜ್ಜುವಾಗ ಮುಂದಿನ ಎಡಗಡೆ ಚಕ್ರದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಕರೆದು ತೋರಿಸಿ, ಇದು ಯಾವತ್ತಾದರೂ ತಿರುವಿನಲ್ಲಿ ಮುರಿಯುತ್ತದೆ, ಹಾಕಬೇಡಿ ಅಂದೆ. ಕನ್ನಡಕ ಏರಿಸಿ ನೋಡಿದರು.

"ಪಾಲಿಶ್ ಆದ್ಮೇಲೆ ಕಾಣ್ತದೇನೋ?"

"ಕಾಣಲ್ಲ."

"ಮತ್ತಿನ್ನೇನ್ ತೊಂದ್ರೆ ಮಾರಾಯ?"

೨. ಹುಣಸೆಹಣ್ಣು

ತಿಂಗಳಿಗೆ ಮತ್ತೆ ಬಂದರು. ನಾಲ್ಕೂ ಚಕ್ರ ಕಪ್ಪಿಟ್ಟಿದ್ದವು. ಇನ್ನೂ ಹೊಳೆಯಲಿ ಅಂತ ಅವರ ಹೆಂಡತಿ ದೇವರ ದೀಪ ತಿಕ್ಕಿದ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರಂತೆ. ಬಿರುಕು ಬೆರಳುದ್ದ ಆಗಿತ್ತು. ಇದನ್ನು ಎಸೆದು ಕಬ್ಬಿಣದ್ದು ಹಾಕಿಸಿ ಅಂತ ಅಂಗಲಾಚಿದೆ. ಕಬ್ಬಿಣದ ಚಕ್ರದಲ್ಲಿ ಮದುವೆ ಮನೆಗೆ ಹೋದರೆ ನೆಂಟರು ಕೆಟ್ಟುಹೋದ ಅಂತಾರೆ ಅಂದರು.

"ಮುರಿದು ಸತ್ತೋದ್ರೆ?"

"ಸತ್ರೆ ಒಳ್ಳೇವ್ನು ಅಂತಾರೆ ಕಣೋ."

೩. ಕೆಂಪು ಗೆರೆ

ಶೆಡ್ಡಿನ ಓನರ್ ಬೈದದ್ದಕ್ಕೆ ಎರಡನೇ ಸಲವೂ ಹೊಳಪು ಬರಿಸಿದೆ. ಮನಸ್ಸು ತಡೆಯದೆ ಬಿರುಕಿನ ಉದ್ದಕ್ಕೂ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಕಳಿಸಿದೆ, ಮನೆಯವರಾದರೂ ಏನಿದು ಅಂತ ಕೇಳಲಿ ಅಂತ. ವಾರದ ನಂತರ ಗಾಳಿ ತುಂಬಿಸಲು ಗಂಡ ಹೆಂಡತಿ ಬಂದರು. ನಾಲ್ಕೂ ಚಕ್ರದಲ್ಲಿ ಕೆಂಪು. ಒಂದಕ್ಕೆ ಕುಂಕುಮ ಇಟ್ಟು ಮೂರನ್ನು ಹಾಗೇ ಬಿಡಬಾರದು, ಅದಕ್ಕೆ ನಾನೇ ಇಟ್ಟೆ ಅಂದರು ಆಯಮ್ಮ. ಅದು ಕುಂಕುಮ ಅಲ್ಲ, ಬಿರುಕಿನ ಗುರುತು ಅಂತ ಹೇಳಿದೆ. ಆಯಮ್ಮ ಬಿಳಿಚಿಕೊಂಡು ಗಂಡನ ಮುಖ ನೋಡಿದರು.

"ಈಗ ಪೂಜೆನೂ ಆಗ್ಬುಡ್ತಲ್ಲ," ಅಂದು ಯಜಮಾನರು ಗಾಡಿ ಸ್ಟಾರ್ಟ್ ಮಾಡಿದರು.

೪. ಬಿಸಿಲು

ಕಾಫಿ ಕುಯ್ಲಿನ ಕಾಲ. ಬೆಳಗಿನ ಮಂಜಿನಲ್ಲಿ, ವನಗೂರು ಕಡೆಯ ತಿರುವಿನಲ್ಲಿ ಚಕ್ರ ಮುರಿಯಿತು. ಕಾರು ಕೆಳಗಿನ ತೋಟಕ್ಕೆ ಮಗುಚಿ ಬಿತ್ತು. ಒಳಗೆ ಅವರೊಬ್ಬರೇ. ಮೇಲೆ ಜೀಪುಗಳು ಓಡಾಡಿದರೂ ಯಾರಿಗೂ ಕಾಣಲಿಲ್ಲ. ಹತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಿದ್ದಾಗ, ಆಕಾಶ ನೋಡುತ್ತಿದ್ದ ಮೂರು ಚಕ್ರ ಪಳಪಳ ಹೊಳೆದವಂತೆ. ಹಣ್ಣು ಕುಯ್ಯುವ ಹೆಂಗಸರು ನೋಡಿ ಜನ ಸೇರಿಸಿದರು.

ಹಾಸನದ ಆಸ್ಪತ್ರೆಗೆ ಹೋದೆ. ಎಡಗಾಲು ಮಂಡಿಯ ಕೆಳಗೆ ತೆಗೆದುಬಿಟ್ಟಿದ್ದರು. ಬೈಗುಳ ತಿನ್ನಲು ತಯಾರಾಗಿ ಹೋದ ನನ್ನ ಕೈಯನ್ನು ಅವರು ಹಿಡಿದು, ಮಂಚದ ಸುತ್ತ ನಿಂತಿದ್ದ ನೆಂಟರಿಗೆಲ್ಲ ತೋರಿಸಿದರು. "ಇವನ ಪಾಲಿಶ್ ಇಲ್ದಿದ್ರೆ ನಾನು ಅಲ್ಲೇ ಹೋಗ್ಬುಡ್ತಿದ್ದೆ ಕಣ್ರೀ."



ಮುಂದಿನ ವಾರವೇ ಆ ನೆಂಟರಲ್ಲೊಬ್ಬರು, ಪಾಳ್ಯ ಊರಿನವರು, ತಮ್ಮ ಕಾರು ತಂದು ನಿಲ್ಲಿಸಿದರು. ಬಣ್ಣ ಕೆರೆದೆ. ಹಿಂದಿನ ಚಕ್ರದಲ್ಲಿ ಬಿರುಕು. ತೋರಿಸಿ, ಆಸ್ಪತ್ರೆಯಲ್ಲಿ ತೆಗೆದ ಕಾಲನ್ನು ನೆನಪಿಸಿದೆ. ಅವರು ಬಗ್ಗಿ ನೋಡಿ, ಬೆರಳಾಡಿಸಿ, ಬೆಂಚಿನ ಮೇಲೆ ಹೋಗಿ ಕುಳಿತರು.

"ಚೆನ್ನಾಗಿ ಉಜ್ಜು. ಬಿದ್ರೂ ಬೇಗ ಸಿಗ್ಬೇಕು."