ತೊಂಬತ್ತಾರು ಅಂಕದ ಒಳ್ಳೆಯ ಕೊಲೆಸ್ಟರಾಲ್ ಅವರಿಗೆ

ಮಾನ್ಯ ಒಳ್ಳೆಯ ಕೊಲೆಸ್ಟರಾಲ್ ಅವರ ಸನ್ನಿಧಿಗೆ,
ಕಾಯಂ ವಿಳಾಸ: ನಮ್ಮ ತಾಯಿಯ ಕಡೆಯವರ ರಕ್ತನಾಳಗಳು

ಮಾನ್ಯರೇ,

ತಾವು ಸುಖವಾಗಿದ್ದೀರೆಂದು ವರ್ಷವರ್ಷವೂ ರಕ್ತಪರೀಕ್ಷೆಯ ವರದಿಯಿಂದ ತಿಳಿದು ಸಂತೋಷಪಡುತ್ತ ಬಂದಿದ್ದೇವೆ. ನಾವು ಅಷ್ಟೊಂದು ಸುಖವಾಗಿಲ್ಲವೆಂದು ಸವಿನಯವಾಗಿ ತಿಳಿಸಲು ಈ ಪತ್ರ. ತಮ್ಮಂಥ ದೊಡ್ಡವರಿಗೆ ಬಹಿರಂಗವಾಗಿ ಬರೆಯುವುದು ಉದ್ಧಟತನವಿರಬಹುದು. ಆದರೆ ನಲವತ್ತೆಂಟು ವರ್ಷ ಒಂದೇ ಮೈಯಲ್ಲಿ ಬಾಳಿದವರ ನಡುವೆ ಮುಚ್ಚುಮರೆ ಯಾಕೆ?

ಮೊದಲು ತಮಗೆ ಸಂದ ಗೌರವವನ್ನು ನೆನಪಿಸುತ್ತೇನೆ. ವರ್ಷಕ್ಕೊಂದು ಭಾನುವಾರ ಅಮ್ಮ, ಅಕ್ಕ, ನಾನು ಮತ್ತು ನಮ್ಮ ಬೆನ್ನಿಗೆ ಹುಟ್ಟಿದ ಕಿರಿಯವನು ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬರುತ್ತೇವೆ. ಸಂಜೆ ವರದಿಗಳನ್ನು ಊಟದ ಮೇಜಿನ ಮೇಲೆ ಹರಡಿ, ಹೆಚ್ಚು ಓದಿದವಳೆಂದು ನನ್ನ ಕೈಯಲ್ಲೇ ಗಟ್ಟಿಯಾಗಿ ಓದಿಸುತ್ತಾರೆ. ಸಕ್ಕರೆಯ ಸಾಲಿಗೆ ಆಕಳಿಸುವವರು ಒಳ್ಳೆಯ ಕೊಲೆಸ್ಟರಾಲ್ ಎಂಬ ತಮ್ಮ ಹೆಸರು ಬರುತ್ತಲೇ ನೆಟ್ಟಗೆ ಕೂರುತ್ತಾರೆ. ಯಾರ ರಕ್ತದಲ್ಲಿ ತಾವು ಅತಿ ಹೆಚ್ಚೋ ಅವರಿಗೆ ಆ ದಿನ ಪಾತ್ರೆ ತೊಳೆಯುವುದರಿಂದ ವಿನಾಯಿತಿ. ಅರವತ್ತು ಬಂದರೇ ಜನ ಹಿಗ್ಗುವ ಲೋಕದಲ್ಲಿ ಅಕ್ಕನಿಗೆ ತೊಂಬತ್ತಾರು, ಕಿರಿಯವನಿಗೆ ತೊಂಬತ್ತೊಂದು, ನನಗೆ ಎಂಬತ್ತೆಂಟು. ಎಂಟು ವರ್ಷದಿಂದ ಪಾತ್ರೆ ತೊಳೆಯುತ್ತಿರುವವಳು ನಾನು, ಮಾನ್ಯರೇ.

ಈಗ ದೂರು. ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ಅಕ್ಕ ಹೋದ ವರ್ಷ ಒಂದು ದಿನ, "ಮೆಟ್ಟಿಲು ಹತ್ತೋಷ್ಟರಲ್ಲಿ ಎದೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಗತ್ತೆ ಕಣೇ" ಅಂದಳು. ನಾನು ಅವಳ ವರದಿ ತೆಗೆದು, ತಮ್ಮ ಸಾಲಿನ ಮೇಲೆ ಬೆರಳಿಟ್ಟು, "ತೊಂಬತ್ತಾರು ಇಟ್ಕೊಂಡು ಎದೆನೋವು ಅಂತೀಯಲ್ಲೇ, ನಾಚಿಕೆ ಆಗಲ್ವಾ? ಗ್ಯಾಸು. ಬಿಸಿನೀರು ಕುಡಿ" ಅಂದೆ. ಮೂರು ವಾರಕ್ಕೆ ಅವಳು ಅರ್ಧ ಹೊಲಿದ ಅಂಗಿಯ ಮೇಲೆ ತಲೆಯಿಟ್ಟು ಕುಸಿದಳು. ಹೃದಯದ ನಾಳವೊಂದು ಕಟ್ಟಿಕೊಂಡಿತ್ತು. ಬದುಕಿ ಬಂದಳು, ಅದು ನಮ್ಮ ಪುಣ್ಯ; ತಮ್ಮದಲ್ಲ.

ಡಾಕ್ಟರು ಅಮ್ಮನಿಗೂ ನಮ್ಮಿಬ್ಬರಿಗೂ ಜೀನ್ ಪರೀಕ್ಷೆಯನ್ನೂ ಮಾಡಿಸಿ, "ಎಷ್ಟಿದೆ ಅನ್ನೋದು ಬೇರೆ, ಕೆಲಸ ಮಾಡ್ತಿದೆಯಾ ಅನ್ನೋದು ಬೇರೆ ಕಣಮ್ಮ" ಎಂದು ತಿಳಿಸಿ ಹೇಳಿದರು. ನನ್ನದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ, ಹಾಗಾಗಿ ನನಗೆ ಅರ್ಥವಾದದ್ದು ಹೀಗೆ: ಓದುವವರು ಮೇಜುಗಳ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ತುಂಬಿ ಒಳಕೋಣೆಗೆ ಇಳಿಸಿ ಬರಬೇಕು; ತಾವು ನಾಳಗಳ ಗೋಡೆಯಿಂದ ಕೊಬ್ಬನ್ನು ಎತ್ತಿ ಯಕೃತ್ತಿಗೆ ಒಪ್ಪಿಸಬೇಕು. ನಮ್ಮ ವಂಶದಲ್ಲಿ ಆ ಒಳಕೋಣೆಯ, ಅಂದರೆ ಯಕೃತ್ತಿನ, ಬಾಗಿಲೇ ಸರಿಯಾಗಿ ತೆರೆಯುವುದಿಲ್ಲವಂತೆ. ಹೊರೆ ಇಳಿಸಲಾಗದ ಗಾಡಿಗಳು ಓಣಿಯಲ್ಲೇ ಸಾಲುಗಟ್ಟಿದ್ದವು, ನಾನು ಅವನ್ನೇ ಎಣಿಸಿ ಗ್ರಂಥಾಲಯ ಎಷ್ಟು ಚೊಕ್ಕಟವಾಗಿದೆ ಎಂದು ಸಾರುತ್ತಿದ್ದೆ. ಈ ಬಾಗಿಲು ಅಮ್ಮನಿಂದ ನನಗೂ ಅಕ್ಕನಿಗೂ ಬಂದಿದೆ. "ಇಬ್ಬರಿಗೂ ನನ್ನ ಮೂಗು ಬರಲಿಲ್ಲ, ಇದು ಬಂತು ನೋಡು" ಎಂದು ಅಮ್ಮ ನಿಟ್ಟುಸಿರಿಟ್ಟರು.

ಉಳಿದವನು ಕಿರಿಯವನು. ದಿನಕ್ಕೆ ಇನ್ನೂರು ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುವವನು. ಅವನಿಗೂ ಈಗೀಗ ಮೆಟ್ಟಿಲಲ್ಲಿ ಏದುಸಿರು. ಪರೀಕ್ಷೆ ಮಾಡಿಸೋ ಎಂದರೆ, "ತೊಂಬತ್ತೊಂದು ಕಣಕ್ಕಾ! ನಿನ್ನ ಎಂಬತ್ತೆಂಟನ್ನ ಮೊದಲು ನೋಡ್ಕೊ" ಅನ್ನುತ್ತಾನೆ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಅವನ ಮುಂದಿನ ವರದಿಯಲ್ಲಿ ಮೂವತ್ತಕ್ಕೆ ಇಳಿಯಿರಿ, ಅವಮಾನಕ್ಕಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿಯಾನು. ಅದು ಘನತೆಗೆ ಕುಂದೆನಿಸಿದರೆ, ಎರಡು ಸಾಲಿನ ತಪ್ಪೊಪ್ಪಿಗೆ ಬರೆದು ಅವನ ನಾಡಿಯ ಮೂಲಕ ತಲುಪಿಸಿ. ಆ ಜೀನಿನಲ್ಲಿ ಕೆಟ್ಟಿರುವುದು ಒಂದೇ ಒಂದು ಅಕ್ಷರವಂತೆ; ಇಪ್ಪತ್ತು ವರ್ಷ ಪುಸ್ತಕಪಟ್ಟಿಯ ತಪ್ಪು ತಿದ್ದಿದವಳು ನಾನು, ಪೆನ್ಸಿಲ್ಲು ರಬ್ಬರಿನೊಂದಿಗೆ ಅರ್ಧ ಗಂಟೆ ಒಳಗೆ ಬಿಟ್ಟರೂ ಸಾಕು.

ಆದರೂ ಇಷ್ಟು ಬರೆದ ಮೇಲೆ ಕೈ ತಡೆದು ಪತ್ರವನ್ನು ಒಂದು ವಾರ ಮಡಿಸಿಟ್ಟಿದ್ದೆ. ತಾವು ಯಾರಿಗೂ ಯಾವ ಮಾತೂ ಕೊಟ್ಟಿರಲಿಲ್ಲ. ಬಿಸಿನೀರು ಕುಡಿ ಅಂದವಳು ನಾನು. ಆ ನಡುವೆ ಅಕ್ಕನ ಅಂಗಡಿಯಲ್ಲಿ ಇದನ್ನು ಕಿರಿಯವನ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅಕ್ಕ ಹೊಲಿಗೆಯಿಂದ ತಲೆಯೆತ್ತದೆ, "ಇವಳು ಓದಿದ್ದನ್ನ ನಂಬಿ ಬಿದ್ದೋಳು ಮನೆಗೊಬ್ಬಳು ಸಾಕು ಕಣೋ. ನಾಳೆ ಬಸ್ಸು ಬೇರೆಯವರು ಓಡಿಸ್ತಾರೆ, ಆಸ್ಪತ್ರೆಗೆ ಹೋಗು" ಅಂದಳು. ಅವನು ಹೋದ.

ತಮ್ಮ ಮೇಲಿನ ವಿಶ್ವಾಸ ಕಳೆದುಕೊಂಡೂ ತಮ್ಮನ್ನು ಹೊತ್ತೇ ತಿರುಗಬೇಕಾದ ವಿಶ್ವಾಸಿ,
ಎಂಬತ್ತೆಂಟರವಳು

ತಾ.ಕ.: ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ ಹೃದಯವನ್ನು ನೋಡುವ ಕೋಣೆಯ ಹೊರಗಿನಿಂದ ಅವನು ಫೋನು ಮಾಡಿದ್ದ: "ಅಕ್ಕಾ, ನನಗಿಂತ ಮುಂಚೆ ಹೋದೋರು ಒಂಬತ್ತು ನಿಮಿಷ ನಡೆದ್ರಂತೆ. ನಾನು ಹತ್ತು ನಡೆದ್ರೆ ಫಸ್ಟು ತಾನೇ?" ಇದು ತಮ್ಮ ಸಹವಾಸದ ಫಲ, ಮಾನ್ಯರೇ, ಇದಕ್ಕೆ ಯಾವ ಜೀನನ್ನೂ ದೂರುವಂತಿಲ್ಲ.