ಹಸಿರು ದ್ರಾವಣವನ್ನು ಬಿಸಿಲಿಗೆ ಹಿಡಿದ ಅಧ್ಯಕ್ಷರಿಗೆ

ಕಾಲೇಜು ಪರಿಶೀಲನಾ ಸಮಿತಿಯ ಸನ್ಮಾನ್ಯ ಅಧ್ಯಕ್ಷರ ಸನ್ನಿಧಿಗೆ, ಮುದ್ದೇಬಿಹಾಳದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್ ಮಶಾಕಸಾಬ ತಲೆಬಾಗಿ ಮಾಡುವ ಅರಿಕೆ.

ಮಾನ್ಯರೇ,

ಕಳೆದ ಮಂಗಳವಾರ ತಾವು ದಯಮಾಡಿಸುವವರೆಗೆ ನಾವು ಮೂರು ವಾರ ಕಿಟಕಿಗೆ ಕರಿ ಪರದೆ ಕಟ್ಟಿಕೊಂಡು ಕತ್ತಲಲ್ಲಿ ಕೂತಿದ್ದ ಮೂಢರು. ತಾಳಿಕೋಟೆಯಿಂದ ದಿನಾ ಬಸ್ಸಿಗೆ ಬರುವ ಕೋಮಲ ಎಂಬ ಕೊನೆಯ ವರ್ಷದ ಹುಡುಗಿ, ಕಬ್ಬಿಣದ ಉಪ್ಪೊಂದನ್ನು ನೀರಿನಲ್ಲಿ ಕರಗಿಸಿ, ಆ ಹಸಿರು ದ್ರಾವಣವನ್ನು ಅಯಸ್ಕಾಂತ ಎಷ್ಟು ಎಳೆಯುತ್ತದೆಂದು ತಕ್ಕಡಿಯಲ್ಲಿ ಅಳೆಯುತ್ತಿದ್ದಳು. ಬಿಸಿಲು ತಾಗಿದರೆ ಅದರೊಳಗಿನ ಕಬ್ಬಿಣ ಬದಲಾಗಿ ಎಳೆತ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎನ್ನುವುದೇ ಅವಳ ಪ್ರಾಜೆಕ್ಟು. ಅದಕ್ಕೆ ಮೊದಲು ಕತ್ತಲಿನ ಲೆಕ್ಕ ಸರಿಯಾಗಿ ಸಿಗಬೇಕಲ್ಲ, ನನ್ನ ಹಳೆಯ ಛತ್ರಿಯ ಬಟ್ಟೆ ಬಿಚ್ಚಿ ಬಾಟಲಿಗೊಂದು ಅಂಗಿ ಹೊಲಿದುಕೊಟ್ಟಿದ್ದೆ.

ತಾವು ಒಳಬಂದವರೇ ಪರದೆ ಕೀಳಿಸಿದಿರಿ. ಕತ್ತಲಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲವೆಂಬ ವೈಜ್ಞಾನಿಕ ಸತ್ಯ ನಮಗೆ ಹೊಳೆದೇ ಇರಲಿಲ್ಲ ನೋಡಿ! ಬಾಟಲಿಯ ಅಂಗಿ ಕಳಚಿ, ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದು, ಪ್ರಾಚಾರ್ಯರ ಜೊತೆ, ಸದಸ್ಯರ ಜೊತೆ, ಶಾಲು ಹೊದ್ದು, ಶಾಲು ತೆಗೆದು, ಭರ್ತಿ ಮುಕ್ಕಾಲು ಗಂಟೆ ಫೋಟೊ ತೆಗೆಸಿಕೊಂಡಿರಿ. ಕೋಮಲ ಎರಡು ಸಲ ಬೇಡವೆಂದಳು; ಫೋಟೊದಲ್ಲಿ ಅಡ್ಡ ಬರುತ್ತಾಳೆಂದು ಅವಳನ್ನು ಪಕ್ಕಕ್ಕೆ ಸರಿಸಿದಿರಿ. ಆಮೇಲೆ ಅದೇ ಬಾಟಲಿಯನ್ನು ತೂಗಿಸಿ ನೋಡಿದರೆ, ಅವಳು ಬರೆದಿಟ್ಟ ಕತ್ತಲಿನ ಅಂಕಿಗೂ ತಕ್ಕಡಿ ತೋರಿಸಿದ ಅಂಕಿಗೂ ತಾಳೆಯೇ ಇಲ್ಲ. ತಾವು ಕೆಂಪು ಪೆನ್ನು ತೆಗೆದು 'ಅಂಕಿಗಳು ಕಟ್ಟುಕತೆ, ಪ್ರಾಜೆಕ್ಟು ತಿರಸ್ಕರಿಸಿದೆ' ಎಂದು ಬರೆದು, ಉಪ್ಪಿಟ್ಟು ತಿಂದು, ಕಾರು ಹತ್ತಿದಿರಿ.

ಆ ಹುಡುಗಿ ಅಳಲಿಲ್ಲ. ಬಾಟಲಿ ತೊಳೆಯುತ್ತ ನನಗೆ ಇಷ್ಟೇ ಅಂದಳು: "ಕಾಕಾ, ಮಾರ್ಕ್ಸ್ ಹೋದ್ರ ಹೋಗ್ಲಿರಿ. ಸುಳ್ಳು ಬರದಾಳ ಅಂದ್ರಲ್ರಿ." ನನ್ನ ಹೊಟ್ಟೆ ಉರಿಯಿತು, ಮಾನ್ಯರೇ. ಈಗಲೂ ಉರಿಯುತ್ತಿದೆ, ಆದರೂ ವಿನಯ ಬಿಟ್ಟಿಲ್ಲ.

ಆದಕಾರಣ ತಮ್ಮ ಮುಂದಿನ ಭೇಟಿಯ ದಿನ ಮುದ್ದೇಬಿಹಾಳದ ಸೂರ್ಯನಿಗೆ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಆತ ಒಪ್ಪದಿದ್ದಲ್ಲಿ, ಅಧ್ಯಕ್ಷರ ಕೈಯಲ್ಲಿರುವಷ್ಟು ಹೊತ್ತು ಗುಣ ಬದಲಿಸಕೂಡದೆಂದು ತಾಲ್ಲೂಕಿನ ಸಮಸ್ತ ಕಬ್ಬಿಣಕ್ಕೆ ಸುತ್ತೋಲೆ ಹೊರಡಿಸಬೇಕು. ಇವೆರಡೂ ತ್ರಾಸವೆನಿಸಿದರೆ, ಆ ಕೆಂಪು ಸಾಲನ್ನು ಅದೇ ಪೆನ್ನಿನಿಂದ ಹೊಡೆದುಹಾಕಿದರೂ ನಡೆಯುತ್ತದೆ.

ತಕ್ಕಡಿಯನ್ನೂ ಕೋಮಲಳನ್ನೂ ನಂಬಿರುವ,
ತಮ್ಮ ವಿಶ್ವಾಸಿ,
ಮಶಾಕಸಾಬ

ತಾ.ಕ.: ಕಾಲೇಜಿನ ವಾಟ್ಸಾಪ್ ಗ್ರೂಪಿಗೆ ತಾವು ಹೆಮ್ಮೆಯಿಂದ ಕಳಿಸಿದ ಹನ್ನೊಂದೂ ಫೋಟೊಗಳನ್ನು ಕೋಮಲ ಸಮಯದ ಸಮೇತ ವರದಿಗೆ ಅಂಟಿಸಿ, ಮರುಪರಿಶೀಲನೆಗೆ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಾಳೆ. ಮೊದಲನೆಯದರಲ್ಲಿ ದ್ರಾವಣ ಹಚ್ಚಹಸಿರು, ಕೊನೆಯದರಲ್ಲಿ ಹಳದಿ. ಅಷ್ಟು ಬಿಸಿಲಿಗೂ ಕಿಂಚಿತ್ತೂ ಬದಲಾಗದೆ ಉಳಿದದ್ದು ತಮ್ಮ ನಗುಮುಖವೊಂದೇ; ಅದನ್ನೂ ಆಕೆ ಪ್ರಾಮಾಣಿಕವಾಗಿ ನಮೂದಿಸಿದ್ದಾಳೆ.