ಲೆನ್ಸಿನ ಎಡಮೂಲೆ

"ಅಲ್ಲಾಡಿಸಬೇಡ್ವೋ ಪುಣ್ಯಾತ್ಮ! ಅದೇನು ಮಗು ಆಡಿಸೋ ಗಿಲಕಿಯಾ?" ಎಂದು ಪಕ್ಕದ ಮನೆಯ ಗಡಿಯಾರ ರಿಪೇರಿ ತಾತ, ಗುಮಾಸ್ತನ ಕೈಯಿಂದ ಲೆನ್ಸನ್ನು ಕಿತ್ತುಕೊಂಡರು.

ಗುಮಾಸ್ತನ ಮುಖ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು. ಹೆತ್ತ ಮಕ್ಕಳಿಗೂ ಮುಟ್ಟಗೊಡದ ಕ್ಯಾಮೆರಾ, ಲೆನ್ಸುಗಳನ್ನು ಅಕ್ಕನ ಗಂಡ ನಿನ್ನೆ, ಇವನ ಆಫೀಸಿನಲ್ಲಿ ಇವತ್ತಿದ್ದ ಬೀಳ್ಕೊಡುಗೆಯ ಫೋಟೋಗೆಂದು ತಾವಾಗಿಯೇ ತಂದುಕೊಟ್ಟಿದ್ದರು. ಬೆಳಗ್ಗೆ ಲೆನ್ಸ್ ಕೈಜಾರಿ ಐದು ಮೆಟ್ಟಿಲು ಉರುಳಿತ್ತು. ಸಂಜೆ ಆರಕ್ಕೆ ಭಾವ ಬರುತ್ತಾರೆ. ಗೊತ್ತಾದರೆ ಅಕ್ಕನ ಮನೆಯ ಬಾಗಿಲು ಜನ್ಮಕ್ಕೆ ಮುಚ್ಚಿದಂತೆಯೇ. ಬೀಳ್ಕೊಡುಗೆ ಹಾಳಾಗಲಿ ಎಂದು ರಜೆ ಹಾಕಿದ್ದ.

"ಒಡೆದಿರೋದು ಲೆನ್ಸ್ ಕಾಯೋಕೆ ಮುಂದೆ ಹಾಕಿರೋ ಫಿಲ್ಟರ್ ಗಾಜು. ಅಂಚು ನೆಗ್ಗಿ ಕಚ್ಚಿಕೊಂಡಿದೆ," ಎಂದರು ತಾತ.

"ಎಲಾಸ್ಟಿಕ್ ಸುತ್ತಿ ತಿರುಗಿಸ್ರೀ, ಹಿಡಿತ ಸಿಗುತ್ತೆ!" ಬಾಗಿಲಲ್ಲಿ ಇಣುಕಿದ ಮಹಡಿಯ ಟೈಲರಮ್ಮ ಚಡ್ಡಿಗೆ ಹೊಲಿಯುವ ಎಲಾಸ್ಟಿಕ್ ಎಸೆದರು. ನಗಬೇಡಿ, ಫಿಲ್ಟರ್ ಕಟಕ್ಕನೆ ಬಂದೇಬಿಟ್ಟಿತು! ಒಳಗಿನ ಗಾಜಿಗೆ ಗೀರೂ ಇಲ್ಲ.

ಆದರೆ ಗೋಡೆಗೆ ಪತ್ರಿಕೆ ಅಂಟಿಸಿ ಫೋಟೋ ತೆಗೆದರೆ ಎಡಮೂಲೆಯ ಅಕ್ಷರಗಳೆಲ್ಲ ಮಸುಕು.

"ಒಳಗೊಂದು ಗಾಜು ವಾಲಿದೆ," ಎಂದ ತಾತ ಊಟ ಬಿಟ್ಟು ಕೂತರು. ಗುಮಾಸ್ತ ಬಗ್ಗಿ ನೋಡಿದರೆ, "ಆಚೆ ಹೋಗಿ ಉಸಿರಾಡು, ಧೂಳು ಕೂರುತ್ತೆ!" ಎಂದು ಗದರಿದರು. ಕೊನೆಗೆ ಸಾಸಿವೆಯಷ್ಟು ಸ್ಕ್ರೂ ಒಂದನ್ನು ಬಿಗಿದರು. ಐದೂವರೆಗೆ ಎಡಮೂಲೆ ಕನ್ನಡಕ ಹಾಕಿಕೊಂಡಂತೆ ನಿಚ್ಚಳವಾಯಿತು. ಗುಮಾಸ್ತ ತಾತನ ಕಾಲಿಗೇ ಬಿದ್ದ.

ಭಾವ ಬಂದರು. ಒಂದು ಫೋಟೋ ತೆಗೆದು, ಎಡಮೂಲೆಯನ್ನು ದೊಡ್ಡದು ಮಾಡಿ ನೋಡಿ, ಕುರ್ಚಿಯಲ್ಲಿ ಕುಸಿದರು.

"ಇದು ಸರಿಹೋಗಿದೆಯಲ್ಲೋ!"

"ಹೂಂ ಭಾವ..."

"ಕೆಡಿಸಿದೆ! ಹೋದ ತಿಂಗಳು ನಾನೇ ಬೀಳಿಸಿ ಎಡಮೂಲೆ ಮಸುಕಾಗಿತ್ತು ಕಣೋ. ನೀನು ಬೀಳಿಸಿದೆ ಅಂತ ನಿನ್ನೆಯೇ ನಿಮ್ಮಕ್ಕನಿಗೆ ಹೇಳಿ, ಹೊಸ ಲೆನ್ಸ್ ಕೊಳ್ಳೋಕೆ ಒಪ್ಪಿಸಿದ್ದೆ."

"ನಾನು ಬೀಳಿಸಿದ್ದು ಇವತ್ತು ಭಾವ!"

"ಬೀಳಿಸ್ತೀಯ ಅಂತ ನಂಬಿಕೆ ಇತ್ತಪ್ಪಾ. ಅವಳು ನಿನ್ನನ್ನ ಬೈಯೋಕೇ ಮೆಟ್ಟಿಲು ಹತ್ತುತ್ತಿದ್ದಾಳೆ. ತಗೋ, ಬೇಗ ಇನ್ನೊಂದ್ಸಲ ಬೀಳಿಸು!"

ಗುಮಾಸ್ತ ಲೆನ್ಸ್ ಹಿಡಿದು ಕೈಚಾಚಿದ. ಬೆರಳುಗಳು ಬಿಡಲೊಲ್ಲವು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದು ಮೊಣಕೈಗೆ ಬಡಿಯಿತು, ಲೆನ್ಸ್ ಹಾರಿತು. ಇಡೀ ದಿನದ ಶ್ರಮ ನೆಲ ಕಾಣುವ ಮೊದಲೇ ತಾತ ಅಂಗಾತ ಬಿದ್ದು ಎದೆಯ ಮೇಲೆ ಹಿಡಿದುಕೊಂಡರು.

"ನನ್ನ ಕಣ್ಣೆದುರಿಗೇ ಬೀಳಿಸ್ತೀಯೇನೋ?" ಅಕ್ಕ ಗುಡುಗಿದಳು. "ಸದ್ಯ, ಏನೂ ಆಗಿಲ್ಲ. ಹೊಸದೂ ಬೇಡ, ಏನೂ ಬೇಡ. ಇನ್ಮೇಲೆ ಇದು ನನ್ನ ಹತ್ರಾನೇ ಇರ್ಲಿ."

"ಅಲ್ಲ ಕಣೇ, ನನ್ನ ಫೋಟೋ..." ಎಂದರು ಭಾವ.

ಅಕ್ಕ ತಾತನ ಎದೆಯ ಮೇಲಿಂದ ಲೆನ್ಸನ್ನು ಎತ್ತಿ, ತನ್ನ ಕೈಚೀಲಕ್ಕೆ ಹಾಕಿ, ಜಿಪ್ ಎಳೆದಳು.